ಮದ್ದಿಗೆ ಬಗ್ಗದ ಏಡಿ

ನಂಜನಗೂಡಿನ ಶ್ರೀಕಂಠೇಶ್ವರನಿಗೆ ಜನ ಪ್ರೀತಿಯಿಂದ ಇಟ್ಟ ಹೆಸರು ನಂಜುಂಡ. ನಂಜನ್ನು ಉಂಡು ಅರಗಿಸಿಕೊಂಡವನು. ಟಿಪ್ಪು ಸುಲ್ತಾನನು ತನ್ನ ಆನೆಯ ಕಣ್ಣುಬೇನೆ ವಾಸಿಯಾದಾಗ ಆತನನ್ನು ‘ಹಕೀಂ ನಂಜುಂಡ’ನೆಂದು ಕರೆದನೆಂಬ ಐತಿಹ್ಯವನ್ನು ಕೇಳದವರು ಮೈಸೂರು ಸೀಮೆಯಲ್ಲಿ ವಿರಳ. ರೋಗರುಜಿನಗಳಿಂದ ಬಳಲುವವರು ಕಪಿಲೆಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲಿಯೇ ಉರುಳುಸೇವೆ ಮಾಡಿ, ವೈದ್ಯನಾದ ಆ ದೇವರಲ್ಲಿ ಮೊರೆಯಿಡುವುದು ಇಂದಿಗೂ ನಡೆದು ಬಂದಿದೆ. ಮನುಷ್ಯರು ಮಾಡುವ ಔಷಧವೂ ಆ ಊರಿಗೆ ಹೊಸತಲ್ಲ. ೧೯೧೩ರಲ್ಲಿ ಅಲ್ಲಿ ಸ್ಥಾಪನೆಯಾದ ಸದ್ವೈದ್ಯಶಾಲೆಯ ಹಲ್ಲುಪುಡಿ ಎಷ್ಟು ಮನೆಗಳ ಬಚ್ಚಲುಗೂಡಿನಲ್ಲಿ ಇದ್ದಿತೆಂಬುದನ್ನು ಹಿರಿಯರು ಬಲ್ಲರು.

ಬೆಳಗಿನ ಹೊತ್ತು ಈ ಊರಿನಿಂದಲೂ ತಿರುಮಕೂಡಲು ನರಸೀಪುರದಿಂದಲೂ ಮೈಸೂರಿಗೆ ಹೊರಡುವ ಬಸ್ಸುಗಳಲ್ಲಿ, ಕಾಲೇಜಿಗೆ ಹೋಗುವ ಹುಡುಗಿಯರು ಮತ್ತು ಹೂವು ತರಕಾರಿಗಳ ಬುಟ್ಟಿಗಳ ನಡುವೆ, ಆಸ್ಪತ್ರೆಯ ಕಾಗದಗಳನ್ನು ಮಡಿಲಲ್ಲಿ ಅವಚಿಕೊಂಡು ಕುಳಿತ ಒಬ್ಬಿಬ್ಬರು ಹೆಂಗಸರು ಕಣ್ಣಿಗೆ ಬೀಳದೆ ಇರುವುದಿಲ್ಲ. ೨೦೨೩ರ ಜೂನ್ ೧೧ರಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಯೋಜನೆ ಜಾರಿಗೆ ಬಂದ ಮೇಲೆ, ದಾರಿಖರ್ಚಿಗೆ ಹೆದರಿ ಚಿಕಿತ್ಸೆ ತಪ್ಪಿಸುವ ಕಾರಣವೊಂದು ಕಡಿಮೆಯಾಯಿತೆನ್ನಬೇಕು. ಇವರಲ್ಲಿ ಕೆಲವರು ಮೈಸೂರಿನಲ್ಲಿಯೇ ಇಳಿಯುತ್ತಾರೆ. ಕೆಲವರು ೧೯೭೩ರಿಂದ ನಡೆದು ಬಂದಿರುವ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯವರೆಗೆ ಹೋಗುತ್ತಾರೆ. ೨೦೨೨ನೆಯ ಒಂದೇ ವರ್ಷದಲ್ಲಿ ಭಾರತದಲ್ಲಿ ಸ್ತನದ ಕ್ಯಾನ್ಸರಿಗೆ ಹೊಸದಾಗಿ ತುತ್ತಾದವರ ಸಂಖ್ಯೆ ಸುಮಾರು ೧ ಲಕ್ಷ ೯೨ ಸಾವಿರವೆಂದು ಅಂತರರಾಷ್ಟ್ರೀಯ ಅಂದಾಜು. ಒಂದು ಕಾಲಕ್ಕೆ ಬೆಂಗಳೂರಿನ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮೊದಲನೆಯದಾಗಿದ್ದಿತು. ೧೯೮೨ರಿಂದ ಅಲ್ಲಿ ಇಡುತ್ತಿರುವ ರೋಗಿಗಳ ದಾಖಲೆಯನ್ನು ನೋಡಿದರೆ ಆ ಸ್ಥಾನವನ್ನು ಈಗ ಸ್ತನದ ಕ್ಯಾನ್ಸರ್ ಆಕ್ರಮಿಸಿದೆ.

ಇಂಥವರಲ್ಲಿ ಒಬ್ಬ ತಾಯಿಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳೋಣ. ವಯಸ್ಸು ಐವತ್ತೆರಡು, ನರಸೀಪುರದ ಸಮೀಪದ ಹಳ್ಳಿ. ಶಸ್ತ್ರಚಿಕಿತ್ಸೆ, ಕೀಮೋ, ವಿಕಿರಣ ಎಲ್ಲವೂ ಮುಗಿದಿವೆ. ಇನ್ನು ದಿನಕ್ಕೊಂದು ಮಾತ್ರೆಯಂತೆ ಐದು ವರ್ಷ ನುಂಗಬೇಕೆಂದು ವೈದ್ಯರು ಬರೆದುಕೊಟ್ಟಿದ್ದಾರೆ. ಮನೆಯಲ್ಲಿ ನಾದಿನಿ, “ಅತ್ತಿಗೆ, ನೀವು ಏಳ್ಬೇಡಿ, ಕೊಡ ನಾನು ತರ್ತೀನಿ” ಎಂದು ಆಕೆಯನ್ನು ಜಗುಲಿಯಿಂದ ಕೆಳಗಿಳಿಯಗೊಡಳು. ನೆರೆಮನೆಯಾಕೆ ಬಂದು ಕುಳಿತು, “ನಮ್ಮ ದೊಡ್ಡಮ್ಮನ ಮಗಳೂ ಇದೇ ಮಾತ್ರೆ ನುಂಗ್ತಿದ್ಳು ಕಣಕ್ಕ. ಮೂರು ವರ್ಷ ಆದ್ಮೇಲೆ ಬೆನ್ನುಮೂಳೆಗೆ ಬಂತು. ಮಾತ್ರೆ ಕೈಕೊಡ್ತು. ಇನ್ಯಾಕೆ ಸುಮ್ನೆ ನುಂಗೋದು?” ಎಂದು ಕಿವಿಯಲ್ಲಿ ಹೇಳುತ್ತಾಳೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮೈದುನನ ಮಗ ಫೋನಿನಲ್ಲಿ, “ದೊಡ್ಡಮ್ಮ, ದಿನಾ ನಡೀರಿ. ನಡೆದ್ರೆ ಅದು ವಾಪಸ್ ಬರಲ್ವಂತೆ” ಎನ್ನುತ್ತಾನೆ.

ಮೂವರದೂ ಪ್ರೀತಿಯ ಮಾತೇ. ಆದರೆ ಮೊದಲಿನ ಎರಡು ಮಾತುಗಳು ತಪ್ಪು. ಮೂರನೆಯದು ಅರ್ಧ ನಿಜ. ಅರ್ಧ ನಿಜವಾದುದರಿಂದಲೇ ಅದನ್ನು ಹೆಚ್ಚು ಎಚ್ಚರದಿಂದ ನೋಡಬೇಕಾಗಿದೆ.

ಎರಡು ಹೊಳೆಗಳು

ಮಾತ್ರೆ ಏಕೆ ಕೈಕೊಡುತ್ತದೆ? ಇದನ್ನು ತಿಳಿಯಲು ಅದು ಮಾಡುವ ಕೆಲಸವನ್ನು ಮೊದಲು ತಿಳಿಯಬೇಕು. ೧೮೯೬ರಲ್ಲಿ ಗ್ಲಾಸ್ಗೋ ನಗರದ ಜಾರ್ಜ್ ಬೀಟ್ಸನ್ ಎಂಬ ವೈದ್ಯನು, ಸ್ತನದ ಕ್ಯಾನ್ಸರಿನಿಂದ ನರಳುತ್ತಿದ್ದ ಹೆಂಗಸೊಬ್ಬಳ ಅಂಡಾಶಯಗಳನ್ನು ತೆಗೆದುಹಾಕಿದಾಗ ಎದೆಯ ಗಂಟು ಕರಗಿದುದನ್ನು ಕಂಡು ವರದಿ ಮಾಡಿದನು. ಎಲ್ಲಿಯ ಅಂಡಾಶಯ, ಎಲ್ಲಿಯ ಎದೆ! ಅಂಡಾಶಯದಲ್ಲಿ ಹುಟ್ಟಿ ರಕ್ತದಲ್ಲಿ ಹರಿಯುವ ಈಸ್ಟ್ರೋಜನ್ ಎಂಬ ಹಾರ್ಮೋನು ಈ ಗಂಟಿಗೆ ಆಹಾರವೆಂಬುದು ಅನಂತರದ ದಶಕಗಳಲ್ಲಿ ತಿಳಿಯಿತು. ಸ್ತನದ ಕ್ಯಾನ್ಸರುಗಳಲ್ಲಿ ಹೆಚ್ಚಿನವುಗಳ ಜೀವಕಣಗಳಲ್ಲಿ ಈ ಹಾರ್ಮೋನನ್ನು ಹಿಡಿಯುವ ಗ್ರಾಹಕಗಳುಂಟು. ಬೀಗಕ್ಕೆ ಕೀಲಿ ಬಿದ್ದಂತೆ ಅದು ಬಂದು ಕೂಡಲು ಕಣಕ್ಕೆ ‘ಒಡೆದು ಎರಡಾಗು’ ಎಂಬ ಆಜ್ಞೆ ಸಿಕ್ಕುತ್ತದೆ. ೧೯೬೨ರಲ್ಲಿ ಇಂಗ್ಲೆಂಡಿನ ಪ್ರಯೋಗಶಾಲೆಯೊಂದರಲ್ಲಿ ತಯಾರಾದ ಟ್ಯಾಮಾಕ್ಸಿಫೆನ್, ಆ ಬೀಗದಲ್ಲಿ ಮುರಿದ ಕೀಲಿಯಂತೆ ಸಿಕ್ಕಿಕೊಂಡು ನಿಜವಾದ ಕೀಲಿ ಒಳಹೋಗದಂತೆ ಮಾಡುತ್ತದೆ. ಮುಟ್ಟು ನಿಂತ ಹೆಂಗಸರಿಗೆ ಕೊಡುವ ಲೆಟ್ರೋಜೋಲ್, ಅನಾಸ್ಟ್ರೋಜೋಲ್ ಮಾತ್ರೆಗಳು ದೇಹದಲ್ಲಿ ಈಸ್ಟ್ರೋಜನ್ ತಯಾರಾಗುವುದನ್ನೇ ತಡೆಯುತ್ತವೆ. ಇದು ಸಾಮಾನ್ಯ ಉಪಕಾರವಲ್ಲ. ಗ್ರಾಹಕವುಳ್ಳ ಕ್ಯಾನ್ಸರಿನಲ್ಲಿ ಐದು ವರ್ಷ ಟ್ಯಾಮಾಕ್ಸಿಫೆನ್ ತೆಗೆದುಕೊಂಡವರಲ್ಲಿ, ಮುಂದಿನ ಹದಿನೈದು ವರ್ಷಗಳ ಲೆಕ್ಕ ತೆಗೆದಾಗ, ಆ ರೋಗದಿಂದ ಸಾಯುವವರ ಸಂಖ್ಯೆ ಮೂರನೆಯ ಒಂದರಷ್ಟು ತಗ್ಗಿತೆಂದು ಸಾವಿರಾರು ರೋಗಿಗಳ ಲೆಕ್ಕವನ್ನು ಒಟ್ಟುಗೂಡಿಸಿ ೨೦೧೧ರಲ್ಲಿ ಪ್ರಕಟಿಸಿದ್ದಾರೆ. ನೆರೆಮನೆಯಾಕೆಯ ಮಾತಿಗೆ ಇದೇ ಮೊದಲ ಉತ್ತರ.

ಆದರೂ ಕೆಲವರಲ್ಲಿ ರೋಗ ಮರುಕಳಿಸುತ್ತದೆ. ಏಕೆಂಬುದನ್ನು ತಿಳಿಯಲು ಮತ್ತೆ ಹೊಳೆಯ ಕಡೆಗೆ ಬರೋಣ. ಕಪಿಲೆ ನಂಜನಗೂಡನ್ನು ಹಾದು ಹರಿದು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಮೇಲೆ ಬೀಚನಹಳ್ಳಿಯ ಅಣೆಕಟ್ಟಿನಲ್ಲಿ ಬಾಗಿಲುಗಳನ್ನು ಮುಚ್ಚಿದರೆ ನಂಜನಗೂಡಿನ ಸ್ನಾನಘಟ್ಟದ ಮೆಟ್ಟಿಲುಗಳಲ್ಲಿ ನೀರು ಇಳಿದೀತು, ಸಂಗಮ ಒಣಗದು. ಅಲ್ಲಿಗೆ ಕಾವೇರಿ ತನ್ನ ದಾರಿಯಲ್ಲಿ ಬಂದೇ ಬರುತ್ತಾಳೆ. ಕ್ಯಾನ್ಸರಿನ ಕಣದೊಳಗೂ ಇಂಥ ಸಂಗಮವೊಂದಿದೆ. ಈಸ್ಟ್ರೋಜನ್ನಿನದು ಒಂದು ಹೊಳೆ. ಗ್ರೋತ್ ಫ್ಯಾಕ್ಟರುಗಳೆಂದು ವೈದ್ಯರು ಕರೆಯುವ ವೃದ್ಧಿಕಾರಕಗಳದು ಇನ್ನೊಂದು ಹೊಳೆ. ಮಾತ್ರೆ ಮೊದಲನೆಯದಕ್ಕೆ ಕಟ್ಟೆ ಕಟ್ಟಿತು. ಎರಡನೆಯದು ತುಂಬಿ ಹರಿದರೆ ಕಣ ಬೆಳೆಯುವುದು ನಿಲ್ಲದು. ಇಷ್ಟೇ ಅಲ್ಲ, ಈ ಎರಡನೆಯ ಹೊಳೆ ಹರಿಯುವಾಗ ಮೊದಲನೆಯ ಗ್ರಾಹಕವನ್ನೇ ಹಿಂದಿನಿಂದ ತಟ್ಟಿ ಎಚ್ಚರಿಸುತ್ತದೆ. ಆಗ ಈಸ್ಟ್ರೋಜನ್ ಇಲ್ಲದೆಯೂ, ಟ್ಯಾಮಾಕ್ಸಿಫೆನ್ ಬೀಗದಲ್ಲಿ ಸಿಕ್ಕಿಕೊಂಡಿರುವಾಗಲೂ, ಬಾಗಿಲು ತೆರೆದುಕೊಳ್ಳುವುದುಂಟು. ನರಸೀಪುರದ ಸಂಗಮಕ್ಕೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರಿ ತ್ರಿವೇಣಿಯಾಯಿತೆಂದು ಆಸ್ತಿಕರು ನಂಬುತ್ತಾರೆ. ಕಣದ ಸಂಗಮಕ್ಕೂ ಇಂಥ ಗುಪ್ತಗಾಮಿನಿಗಳು ಒಂದಲ್ಲ, ಹಲವು.

ಇದನ್ನೇ ಮದ್ದಿಗೆ ಬಗ್ಗದಿರುವಿಕೆ ಎನ್ನುವುದು. ಕನ್ನಡದಲ್ಲಿ ‘ಮದ್ದು’ ಎಂಬ ಮಾತು ವಿಚಿತ್ರವಾದುದು: ಔಷಧಕ್ಕೂ ಅದೇ ಹೆಸರು, ಕೋವಿಗೆ ತುಂಬುವ ಪುಡಿಗೂ ಅದೇ ಹೆಸರು, ಯಾರೋ ಊಟದಲ್ಲಿ ‘ಇಟ್ಟರು’ ಎನ್ನುವ ವಿಷಕ್ಕೂ ಅದೇ ಹೆಸರು. ರೋಗಕ್ಕೆ ಇಟ್ಟ ಹೆಸರುಗಳೂ ಅಷ್ಟೇ ಅರ್ಥವತ್ತಾಗಿವೆ. ಸಂಸ್ಕೃತದ ‘ಅರ್ಬುದ’ ಗಂಟಿಗೂ ಹೆಸರು, ಕೋಟಿಗಳಲ್ಲಿ ಎಣಿಸುವ ಸಂಖ್ಯೆಗೂ ಹೆಸರು. ‘ಏಡಿಗಂತಿ’ಯಲ್ಲಿಯೂ ಗ್ರೀಕರ ಹಳೆಯ ಹೆಸರಿನಲ್ಲಿಯೂ ಇರುವುದು ಏಡಿಯೇ. ಒಂದು ಬಿಲವನ್ನು ಮುಚ್ಚಿದರೆ ಇನ್ನೊಂದರಿಂದ ಹೊರಬರುವ ಪ್ರಾಣಿಯ ಹೆಸರನ್ನು ಅವರು ಏಕೆ ಆರಿಸಿದರೆಂಬುದು ಗದ್ದೆಯ ಬದುವಿನಲ್ಲಿ ಏಡಿ ಹಿಡಿದವರಿಗೆ ಹೊಳೆಯದಿರದು; ಗಂಟಿನ ಸುತ್ತ ಹಬ್ಬಿದ ನರಗಳನ್ನು ಕಂಡು ಆ ಹೆಸರಿಟ್ಟರೆಂದು ಶಾಸ್ತ್ರಜ್ಞರು ಬೇರೆ ಅರ್ಥ ಹೇಳಿದರೂ ಚಿಂತೆಯಿಲ್ಲ. ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಮದ್ದಿಗೆ ಬಗ್ಗದಿರುವುದು ಕಣದ ಗುಣ. ರೋಗಿಯ ತಪ್ಪಲ್ಲ, ಆಕೆ ತಿಂದ ಬದನೆಕಾಯಿಯ ತಪ್ಪೂ ಅಲ್ಲ.

ಗುಲಗಂಜಿಯ ತೂಕ

ವೃದ್ಧಿಕಾರಕಗಳೆಂದರೆ ಒಂದು ಜೀವಕಣ ಇನ್ನೊಂದಕ್ಕೆ ‘ಬೆಳೆ’ ಎಂದು ಹೇಳಿ ಕಳುಹಿಸುವ ಪ್ರೋಟೀನುಗಳು. ಗಾಯ ಮಾಯುವುದು, ಮಗು ಬೆಳೆಯುವುದು, ಎಲ್ಲವೂ ಇವುಗಳಿಂದಲೇ. ಇವುಗಳನ್ನು ಮೊದಲು ಗುರುತಿಸಿದ ರೀಟಾ ಲೆವಿ-ಮೊಂಟಲ್ಚೀನಿ ಮತ್ತು ಸ್ಟಾನ್ಲಿ ಕೋಹೆನ್ ಅವರಿಗೆ ೧೯೮೬ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಮರುವರ್ಷವೇ ಅಮೆರಿಕದ ಡೆನಿಸ್ ಸ್ಲೇಮನ್ ಮತ್ತು ಸಂಗಡಿಗರು, ಹರ್-೨ ಎಂಬ ವೃದ್ಧಿಗ್ರಾಹಕ ಅತಿಯಾಗಿರುವ ಸ್ತನದ ಕ್ಯಾನ್ಸರುಗಳು ಹೆಚ್ಚು ಉಗ್ರವಾಗಿರುವುದನ್ನು ತೋರಿಸಿದರು. ಅದನ್ನು ಅದುಮುವ ಟ್ರಾಸ್ಟುಜುಮ್ಯಾಬ್ ಎಂಬ ಪ್ರತಿಕಾಯ ೧೯೯೮ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾಯಿತು. ಅದರ ಬೆಲೆ ನಮ್ಮವರ ಕೈಗೆ ಎಟುಕದಷ್ಟಿದ್ದಿತು. ಬೆಂಗಳೂರಿನ ಬಯೋಕಾನ್ ತಯಾರಿಸಿದ ಸಮಾನ ಔಷಧಕ್ಕೆ ೨೦೧೩ರಲ್ಲಿ ಭಾರತದಲ್ಲಿಯೂ ೨೦೧೭ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿಯೂ ಒಪ್ಪಿಗೆ ದೊರೆತುದು ಕನ್ನಡ ನಾಡಿನವರು ನೆನೆಯಬೇಕಾದ ಸಂಗತಿ. ಆದರೆ ಈ ಮದ್ದಿಗೂ ಬಗ್ಗದ ಕಣಗಳುಂಟು. ಅವುಗಳಲ್ಲಿ ಕೆಲವು ಹಿಡಿಯುವ ಅಡ್ಡದಾರಿಯಲ್ಲಿ ಇನ್ಸುಲಿನ್ ಕುಟುಂಬದ ಕೈವಾಡವಿದೆಯೆಂಬುದು ೨೦೦೧ರಷ್ಟು ಹಿಂದೆಯೇ ಪ್ರಯೋಗಶಾಲೆಯಲ್ಲಿ ಕಂಡಿದ್ದಿತು.

ಇನ್ಸುಲಿನ್ ಎಂದೊಡನೆ ಸಕ್ಕರೆ ಕಾಯಿಲೆ ನೆನಪಾಗುತ್ತದೆ. ಆದರೆ ಅದು ಸಕ್ಕರೆಯ ಲೆಕ್ಕ ಬರೆಯುವ ಗುಮಾಸ್ತನಷ್ಟೇ ಅಲ್ಲ. ಬೆಳವಣಿಗೆಗೂ ಅದು ಒತ್ತಾಸೆ. ಅದರ ದಾಯಾದಿಯಂತಿರುವ ಐಜಿಎಫ್-೧ ಎಂಬುದಕ್ಕೆ ‘ಇನ್ಸುಲಿನ್ನಿನಂಥ ವೃದ್ಧಿಕಾರಕ’ವೆಂದೇ ಹೆಸರು. ಇವು ಎಷ್ಟು ಸೂಕ್ಷ್ಮ ಪ್ರಮಾಣದಲ್ಲಿ ಕೆಲಸ ಮಾಡುತ್ತವೆಂಬುದನ್ನು ಹೇಳಲು ನರಸೀಪುರದ ಗುಂಜಾ ನರಸಿಂಹನಿಗಿಂತ ಒಳ್ಳೆಯ ಉಪಮಾನ ಸಿಕ್ಕದು. ಕೈಯಲ್ಲಿ ಗುಲಗಂಜಿ ಹಿಡಿದ ಆ ದೇವರ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂದು ನಂಬಿಕೆಯಷ್ಟೆ. ನಂಜನಗೂಡಿನಷ್ಟು ದೊಡ್ಡ ಪೇಟೆಯ ಸಮಸ್ತ ಜನರ ಬೆಳಗಿನ ಬರಿಹೊಟ್ಟೆಯ ರಕ್ತದಲ್ಲಿರುವ ಇನ್ಸುಲಿನ್ನನ್ನೆಲ್ಲ ಕೂಡಿಹಾಕಿದರೂ ಒಂದು ಗುಲಗಂಜಿಯ ತೂಕವಾದೀತೋ ಇಲ್ಲವೋ! ಅಷ್ಟರಲ್ಲಿಯೇ ತಕ್ಕಡಿ ವಾಲುತ್ತದೆ.

ವಾಲುವುದೆಂಬುದಕ್ಕೆ ಸಾಕ್ಷಿಯೇನು? ೧೯೭೦ರಲ್ಲಿ ಅಮೆರಿಕದ ಕ್ರೈಸ್ತ ಸಂನ್ಯಾಸಿನಿಯೊಬ್ಬರ ದೇಹದಿಂದ ತೆಗೆದ ಸ್ತನದ ಕ್ಯಾನ್ಸರಿನ ಕಣಗಳ ಸಂತತಿ ಇಂದಿಗೂ ಜಗತ್ತಿನ ಪ್ರಯೋಗಶಾಲೆಗಳಲ್ಲಿ ಬೆಳೆಯುತ್ತಿದೆ. ಆಕೆ ತೀರಿಕೊಂಡು ಅರ್ಧ ಶತಮಾನ ಕಳೆದಿದ್ದರೂ ಕಣಗಳು ಸತ್ತಿಲ್ಲ. ಇಂಥ ಕಣಗಳಿಗೆ ಇನ್ಸುಲಿನ್ ಹಾಕಿದರೆ ಅವು ಚುರುಕಾಗಿ ಬೆಳೆಯುತ್ತವೆಂದು ೧೯೭೬ರಲ್ಲಿಯೇ ವರದಿಯಾಯಿತು. ಗಾಜಿನ ತಟ್ಟೆಯ ಮಾತಾಯಿತು, ಮನುಷ್ಯರಲ್ಲಿ? ಕೆನಡಾ ದೇಶದ ಟೊರಾಂಟೋವಿನಲ್ಲಿ ಪಮೇಲಾ ಗುಡ್‌ವಿನ್ ಎಂಬ ವೈದ್ಯೆ ಸ್ತನದ ಕ್ಯಾನ್ಸರಿನ ೫೧೨ ಮಂದಿಯನ್ನು ವರ್ಷಗಳ ಕಾಲ ಗಮನಿಸಿ ೨೦೦೨ರಲ್ಲಿ ಪ್ರಕಟಿಸಿದ ವರದಿಯಂತೆ, ಬರಿಹೊಟ್ಟೆಯ ಇನ್ಸುಲಿನ್ ಅತಿ ಹೆಚ್ಚಾಗಿದ್ದವರಲ್ಲಿ ರೋಗ ದೂರದ ಅಂಗಗಳಿಗೆ ಹರಡುವ ಸಂಭವ, ಅತಿ ಕಡಿಮೆ ಇದ್ದವರಿಗಿಂತ ಎರಡರಷ್ಟು. ಸಾವಿನ ಸಂಭವ ಮೂರರಷ್ಟು.

ಈ ಮಾತು ಮೈಸೂರಿನವರನ್ನು ವಿಶೇಷವಾಗಿ ತಟ್ಟಬೇಕು. ಇಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಮಿಷನ್ ಆಸ್ಪತ್ರೆಯಲ್ಲಿ ೧೯೩೪ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾದಿಯರು ಅಚ್ಚುಕಟ್ಟಾಗಿ ಬರೆದಿಟ್ಟಿದ್ದರು. ಆ ಹಳೆಯ ಪುಸ್ತಕಗಳನ್ನು ಹಿಡಿದು, ಅದರಲ್ಲಿನ ಶಿಶುಗಳು ನಡುವಯಸ್ಸಿಗೆ ಬಂದ ಮೇಲೆ ಅವರನ್ನು ಹುಡುಕಿ ಪರೀಕ್ಷಿಸಿದ ಸಂಶೋಧನೆ ಜಗತ್ತಿನ ವೈದ್ಯಲೋಕದಲ್ಲಿ ಹೆಸರಾಗಿದೆ. ಅದರ ಬೆನ್ನಿಗೆ ೧೯೯೭-೯೮ರಲ್ಲಿ ಅದೇ ಆಸ್ಪತ್ರೆಗೆ ಬಂದ ಬಸುರಿಯರನ್ನೂ ಅವರ ಮಕ್ಕಳನ್ನೂ ಹಿಂಬಾಲಿಸಿದ ಇನ್ನೊಂದು ಅಧ್ಯಯನ ನಡೆಯಿತು. ನೋಟಕ್ಕೆ ಬಡಕಲಾಗಿದ್ದರೂ ಒಳಗೆ ಕೊಬ್ಬು ಹೆಚ್ಚಾಗಿರುವುದು, ಇನ್ಸುಲಿನ್ನಿನ ಮಾತನ್ನು ದೇಹ ಕೇಳದೆ ಅದು ರಕ್ತದಲ್ಲಿ ಏರಿ ನಿಲ್ಲುವುದು ನಮ್ಮವರಲ್ಲಿ ಸಾಮಾನ್ಯವೆಂಬುದಕ್ಕೆ ಇಂಥ ಅಧ್ಯಯನಗಳಿಂದ ಪುಷ್ಟಿ ದೊರೆತಿದೆ. ಆದ್ದರಿಂದ ‘ನಾನೇನು ದಪ್ಪಗಿಲ್ಲವಲ್ಲ’ ಎಂಬ ಸಮಾಧಾನ ಇಲ್ಲಿ ಸಲ್ಲದು.

ಸ್ನಾಯುವಿನ ಹಸಿವು

ಇನ್ಸುಲಿನ್ನನ್ನು ತಗ್ಗಿಸುವ ಸರಳವಾದ ಉಪಾಯ ಮನುಷ್ಯನ ಕಾಲಿನಲ್ಲಿದೆ. ಕುಳಿತಿರುವ ಸ್ನಾಯು ರಕ್ತದ ಸಕ್ಕರೆಯನ್ನು ಒಳಕ್ಕೆ ತೆಗೆದುಕೊಳ್ಳಲು ಇನ್ಸುಲಿನ್ನಿನ ಅಪ್ಪಣೆಗೆ ಕಾಯುತ್ತದೆ. ದುಡಿಯುವ ಸ್ನಾಯು ಕಾಯುವುದಿಲ್ಲ. ಅಪ್ಪಣೆಯಿಲ್ಲದೆಯೇ ಬಾಗಿಲು ತೆರೆದು ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ನಡಿಗೆ ಮುಗಿದ ಮೇಲೂ ಅದು ಇನ್ಸುಲಿನ್ನಿನ ಮಾತನ್ನು ಹಿಂದಿಗಿಂತ ಬೇಗ ಕೇಳುತ್ತದೆ. ಹೀಗೆ ದಿನದಿನವೂ ನಡೆದರೆ ಅಷ್ಟು ಇನ್ಸುಲಿನ್ ಸುರಿಯುವ ಅಗತ್ಯವೇ ದೇಹಕ್ಕೆ ಬೀಳುವುದಿಲ್ಲ. ಎರಡನೆಯ ಹೊಳೆಯ ನೀರು ಒಂದಿಷ್ಟು ಇಳಿಯುತ್ತದೆ.

ಇಲ್ಲಿಗೆ ಲೇಖನವನ್ನು ಮುಗಿಸಿಬಿಟ್ಟರೆ ಓದುಗರಿಗೆ ಸಂತೋಷವಾದೀತು, ಸತ್ಯಕ್ಕೆ ಅನ್ಯಾಯವಾದೀತು. ಏಕೆಂದರೆ ಇದೇ ತರ್ಕವನ್ನು ನಂಬಿ ಮಾಡಿದ ಮದ್ದುಗಳು ಸೋತಿವೆ. ಐಜಿಎಫ್ ಗ್ರಾಹಕವನ್ನೇ ಮುಚ್ಚುವ ಗಾನಿಟುಮ್ಯಾಬ್ ಎಂಬ ಪ್ರತಿಕಾಯವನ್ನು, ಹಾರ್ಮೋನು ಮದ್ದಿಗೆ ಬಗ್ಗದ ರೋಗಿಗಳಿಗೆ ಕೊಟ್ಟು ನೋಡಿದ ಪ್ರಯೋಗದ ಫಲ ೨೦೧೩ರಲ್ಲಿ ಹೊರಬಂತು: ಪ್ರಯೋಜನವಾಗಲಿಲ್ಲ. ಇನ್ಸುಲಿನ್ನನ್ನು ಇಳಿಸುವ, ಸಕ್ಕರೆ ಕಾಯಿಲೆಯವರಿಗೆ ಚಿರಪರಿಚಿತವಾದ ಮೆಟ್‌ಫಾರ್ಮಿನ್ ಮಾತ್ರೆಯನ್ನು ಸಕ್ಕರೆ ಕಾಯಿಲೆ ಇಲ್ಲದ ೩,೬೪೯ ಮಂದಿ ಸ್ತನಕ್ಯಾನ್ಸರ್ ರೋಗಿಗಳಲ್ಲಿ ಪರೀಕ್ಷಿಸಿದವರು ಅದೇ ಪಮೇಲಾ ಗುಡ್‌ವಿನ್. ಇಪ್ಪತ್ತು ವರ್ಷ ತಾವೇ ಪೋಷಿಸಿಕೊಂಡು ಬಂದ ಊಹೆ. ೨೦೨೨ರಲ್ಲಿ ಪ್ರಕಟವಾದ ಉತ್ತರ: ರೋಗ ಮರುಕಳಿಸುವುದನ್ನು ಅದು ತಡೆಯಲಿಲ್ಲ. ತಮ್ಮ ಊಹೆ ಸೋತುದನ್ನು ಬಚ್ಚಿಡದೆ ಪ್ರಕಟಿಸಿದ ಆ ವೈದ್ಯೆಯ ಬಗೆಗೆ ಗೌರವ ಹೆಚ್ಚುತ್ತದೆ. ಒಂದು ಹೊಳೆಯನ್ನು ತಡೆದರೆ ಇನ್ನೊಂದು ಹರಿಯುತ್ತದೆಂಬ ಮಾತು ಎರಡೂ ಕಡೆಗೆ ಸಲ್ಲುತ್ತದೆಯಲ್ಲವೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನ್ನಪೂರ್ಣಿ ರಂಗರಾಜನ್ ಅವರ ತಂಡದವರು ೨೦೧೮ರಲ್ಲಿ ಪ್ರಕಟಿಸಿದ ಸಂಶೋಧನೆ ಈ ತೊಡಕನ್ನು ಇನ್ನಷ್ಟು ಬಿಡಿಸಿ ತೋರಿಸುತ್ತದೆ. ಜೀವಕಣದಲ್ಲಿ ಇಂಧನ ಕಡಿಮೆಯಾದಾಗ ಎಚ್ಚರಿಸುವ ಎಎಂಪಿಕೆ ಎಂಬ ಕಿಣ್ವವೊಂದಿದೆ. ವೃದ್ಧಿಕಾರಕಗಳ ಆಜ್ಞೆಯನ್ನು ಸಾಗಿಸುವ ಅಕ್ಟ್ ಎಂಬುದು ಇನ್ನೊಂದು. ಸ್ತನಕ್ಯಾನ್ಸರಿನ ಕಣ ತನ್ನ ನೆಲೆಯಿಂದ ಕಳಚಿಕೊಂಡು ತೇಲುವಾಗ ಮೊದಲನೆಯದು ಏರಿ ಎರಡನೆಯದು ಇಳಿಯುತ್ತದೆ. ನೆಲೆ ಸಿಕ್ಕೊಡನೆ ಇದು ತಿರುಗುಮುರುಗಾಗುತ್ತದೆ. ಎರಡೂ ಒಂದನ್ನೊಂದು ಅದುಮುವ ಏತದ ತುದಿಗಳಂತಿವೆ. ನಡೆಯುವ ಸ್ನಾಯುವಿನಲ್ಲಿ ನಮಗೆ ಉಪಕಾರಿಯಾದ ಅದೇ ಕಿಣ್ವ, ತೇಲುವ ಕ್ಯಾನ್ಸರ್ ಕಣವನ್ನು ಸಾಯದಂತೆ ಕಾಯುವ ಕೆಲಸವನ್ನೂ ಮಾಡಬಲ್ಲುದು! ಇಂಥದನ್ನು ಕಂಡ ಮೇಲೆ, ‘ಇದನ್ನು ಹೆಚ್ಚಿಸಿ, ಅದನ್ನು ತಗ್ಗಿಸಿ, ಕ್ಯಾನ್ಸರ್ ಓಡಿಹೋಗುತ್ತದೆ’ ಎಂದು ಫೋನಿಗೆ ಬರುವ ಸಂದೇಶಗಳನ್ನು ನಂಬುವುದು ಕಷ್ಟ.

ಹಾಗೆಂದು ಇನ್ಸುಲಿನ್ನಿನ ಕಥೆ ಸುಳ್ಳಾಯಿತೆಂದಲ್ಲ. ಅಕ್ಟ್‌ಗಿಂತ ಒಂದು ಮೆಟ್ಟಿಲು ಮೇಲಿರುವ ಕಿಣ್ವವನ್ನು ತಡೆಯುವ ಆಲ್ಪೆಲಿಸಿಬ್ ಎಂಬ ಮಾತ್ರೆ ೨೦೧೯ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾಯಿತು. ಹಾರ್ಮೋನು ಮದ್ದಿಗೆ ಬಗ್ಗದ ಕೆಲವು ಕ್ಯಾನ್ಸರುಗಳಿಗೆ ಅದು ಉಪಯೋಗವಾಗುತ್ತದೆ. ಆದರೆ ಅದನ್ನು ನುಂಗಿದವರ ರಕ್ತದಲ್ಲಿ ಸಕ್ಕರೆ ಏರುತ್ತದೆ. ಸಕ್ಕರೆಯನ್ನು ಇಳಿಸಲು ಇನ್ಸುಲಿನ್ ಏರುತ್ತದೆ. ಮದ್ದು ಮುಚ್ಚಿದ ದಾರಿಯನ್ನೇ ಆ ಇನ್ಸುಲಿನ್ ಮತ್ತೆ ತೆರೆಯುತ್ತದೆ. ಲೂಯಿಸ್ ಕ್ಯಾಂಟ್ಲಿ, ಭಾರತ ಸಂಜಾತರಾದ ಸಿದ್ಧಾರ್ಥ ಮುಖರ್ಜಿ ಮೊದಲಾದವರು ಇಂಥ ಮದ್ದುಗಳ ವಿಷಯದಲ್ಲಿ ೨೦೧೮ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. ಇನ್ಸುಲಿನ್ ಏರದಂತೆ ಪಥ್ಯ ಮಾಡಿಸಿದಾಗ ಮದ್ದಿನ ಬಲ ಹೆಚ್ಚಿತು. ಮದ್ದಿಲ್ಲದೆ ಅದೇ ಪಥ್ಯವನ್ನು ಮಾಡಿಸಿದಾಗ ಒಂದು ಬಗೆಯ ರಕ್ತದ ಕ್ಯಾನ್ಸರ್ ಇನ್ನಷ್ಟು ಕೆರಳಿತು. ಪಥ್ಯವನ್ನು ತಾವೇ ಕಟ್ಟಿಕೊಳ್ಳುವವರು ಈ ಎರಡನೆಯ ವಾಕ್ಯವನ್ನು ಎರಡು ಸಲ ಓದಬೇಕು.

ಹತ್ತು ಪ್ರದಕ್ಷಿಣೆ

ಹಾಗಾದರೆ ನಡಿಗೆಯ ಪರವಾದ ನೇರ ಸಾಕ್ಷ್ಯವೇನು? ಅಮೆರಿಕದ ದಾದಿಯರಲ್ಲಿ ಸ್ತನದ ಕ್ಯಾನ್ಸರಿಗೆ ತುತ್ತಾದ ೨,೯೮೭ ಮಂದಿಯ ಲೆಕ್ಕ ೨೦೦೫ರಲ್ಲಿ ಪ್ರಕಟವಾಯಿತು. ವಾರಕ್ಕೆ ಮೂರರಿಂದ ಐದು ಗಂಟೆ ಸಾಧಾರಣ ವೇಗದಲ್ಲಿ ನಡೆಯುವಷ್ಟು ಶ್ರಮ ಮಾಡುತ್ತಿದ್ದವರಲ್ಲಿ, ತೀರ ಕಡಿಮೆ ಶ್ರಮ ಮಾಡುತ್ತಿದ್ದವರಿಗಿಂತ, ಆ ರೋಗದಿಂದ ಸಾಯುವ ಸಂಭವ ಅರ್ಧದಷ್ಟಿತ್ತು. ಹಾರ್ಮೋನು ಗ್ರಾಹಕವುಳ್ಳವರಲ್ಲಿ ಲಾಭ ಇನ್ನೂ ಸ್ಪಷ್ಟ. ಆದರೆ ಇಂಥ 'ಎಣಿಕೆ'ಯಲ್ಲಿ ಒಂದು ಸಂದೇಹ ಉಳಿಯುತ್ತದೆ: ನಡೆದುದರಿಂದ ಆರೋಗ್ಯವಾಗಿದ್ದರೋ, ಆರೋಗ್ಯವಾಗಿದ್ದುದರಿಂದ ನಡೆದರೋ? ಚೀಟಿಯೆತ್ತಿದಂತೆ ರೋಗಿಗಳನ್ನು ಎರಡು ಪಂಗಡ ಮಾಡಿ ನೋಡಿದರೆ ಮಾತ್ರ ಈ ಸಂದೇಹ ಪರಿಹಾರವಾದೀತು. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ೮೮೯ ಮಂದಿಯೊಡನೆ ಹಾಗೆ ಮಾಡಿದ ಪ್ರಯೋಗ ೨೦೨೫ರಲ್ಲಿ ಪ್ರಕಟವಾಯಿತು. ಮೂರು ವರ್ಷ ಕ್ರಮವಾಗಿ ವ್ಯಾಯಾಮ ಮಾಡಿಸಿದ ಪಂಗಡದಲ್ಲಿ ಎಂಟು ವರ್ಷದ ಅನಂತರ ಶೇಕಡ ೯೦ ಮಂದಿ ಬದುಕಿದ್ದರು. ಇನ್ನೊಂದರಲ್ಲಿ ಶೇಕಡ ೮೩. ಸ್ತನದ ಕ್ಯಾನ್ಸರಿನಲ್ಲಿ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ೮೫೦ ಮಂದಿಯನ್ನು ಹೀಗೆಯೇ ವಿಂಗಡಿಸಿ, ಒಂದು ಪಂಗಡಕ್ಕೆ ಚಿಕಿತ್ಸೆಯ ಜೊತೆಗೆ ಯೋಗವನ್ನು ಕಲಿಸಿದರು. ರೋಗವಿಲ್ಲದೆ ಬದುಕುವುದರಲ್ಲಿ ಸುಮಾರು ಶೇಕಡ ೧೫ರಷ್ಟು ಸುಧಾರಣೆ ಕಂಡಿತೆಂದು ೨೦೨೨ರ ಡಿಸೆಂಬರಿನಲ್ಲಿ ವೈದ್ಯರ ಸಮ್ಮೇಳನದಲ್ಲಿ ತಿಳಿಸಿದರು. ‘ಚಿಕಿತ್ಸೆಯ ಜೊತೆಗೆ’ ಎಂಬ ಮಾತನ್ನು ಓದುಗರು ಗಮನಿಸಬೇಕು. ಮದ್ದಿಗೆ ಬಗ್ಗದ ಕಣವನ್ನು ಬರಿಯ ನಡಿಗೆ ಬಗ್ಗಿಸಿತೆಂದು ಇವರಾರೂ ಹೇಳಿಲ್ಲ. ಐಜಿಎಫ್-೧ರ ಮಟ್ಟವಂತೂ ವ್ಯಾಯಾಮದಿಂದ ಒಂದು ಪ್ರಯೋಗದಲ್ಲಿ ಇಳಿದರೆ ಮತ್ತೊಂದರಲ್ಲಿ ಇದ್ದಲ್ಲಿಯೇ ಇರುತ್ತದೆ.

ನಡಿಗೆಯ ಅತ್ಯಂತ ಖಚಿತವಾದ ಉಪಕಾರ ಬೇರೊಂದು ಕಡೆಯಲ್ಲಿದೆ. ಅದು ಅಷ್ಟೇನೂ ಚಮತ್ಕಾರಿಕವಲ್ಲವಾದುದರಿಂದ ಅದರ ಬಗೆಗೆ ಮಾತಾಡುವವರು ಕಡಿಮೆ. ಮದ್ದು ಕೈಕೊಟ್ಟಿತೆನ್ನುವ ಎಲ್ಲ ಕಡೆಯೂ ಮದ್ದು ಹೊಟ್ಟೆಗೆ ಹೋಗಿತ್ತೇ ಎಂದು ಕೇಳಬೇಕಾಗುತ್ತದೆ. ಅಮೆರಿಕದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಹೆಂಗಸರ ಔಷಧಿಯಂಗಡಿಯ ಲೆಕ್ಕ ತೆಗೆದಾಗ, ಐದು ವರ್ಷವೂ ಸರಿಯಾಗಿ ಹಾರ್ಮೋನು ಮಾತ್ರೆ ತೆಗೆದುಕೊಂಡವರು ಸುಮಾರು ಅರ್ಧದಷ್ಟು ಮಂದಿ ಮಾತ್ರ ಎಂದು ೨೦೧೦ರಲ್ಲಿ ತಿಳಿದುಬಂತು. ಬಿಡಲು ದೊಡ್ಡ ಕಾರಣಗಳಲ್ಲೊಂದು ಲೆಟ್ರೋಜೋಲ್ ಜಾತಿಯ ಮಾತ್ರೆಗಳಿಂದ ಬರುವ ಕೀಲುನೋವು. ಬೆಳಿಗ್ಗೆ ಎದ್ದರೆ ಬೆರಳು ಮಡಿಸಲಾಗದು, ಮಂಡಿ ಹಿಡಿದುಕೊಳ್ಳುತ್ತದೆ. ಅಂಥ ನೋವಿದ್ದ ೧೨೧ ಮಂದಿಯಲ್ಲಿ ಒಂದು ಪಂಗಡಕ್ಕೆ ಒಂದು ವರ್ಷ ನಡಿಗೆಯಂಥ ವ್ಯಾಯಾಮವನ್ನೂ ತೂಕವೆತ್ತುವ ವ್ಯಾಯಾಮವನ್ನೂ ಮಾಡಿಸಿದಾಗ, ನೋವು ಶೇಕಡ ೨೯ರಷ್ಟು ಇಳಿದುದು ೨೦೧೫ರಲ್ಲಿ ಪ್ರಕಟವಾಯಿತು. ನೋವು ಇಳಿದವಳು ಮಾತ್ರೆ ಬಿಡಳು. ಮಾತ್ರೆ ಬಿಡದವಳಲ್ಲಿ ಮೊದಲನೆಯ ಹೊಳೆಯ ಕಟ್ಟೆ ಒಡೆಯದು.

ಇದಕ್ಕಾಗಿ ಯಂತ್ರಗಳ ವ್ಯಾಯಾಮಶಾಲೆಗೆ ಹೋಗಬೇಕಾಗಿಲ್ಲ. ನಂಜನಗೂಡಿನ ದೇವಾಲಯದ ಉದ್ದ ೩೮೫ ಅಡಿ, ಅಗಲ ೧೬೦ ಅಡಿ. ಗೋಡೆಯ ಪಕ್ಕದಲ್ಲಿ ಹೊರಗಿನಿಂದ ಒಂದು ಸುತ್ತು ಬಂದರೆ ೧,೦೯೦ ಅಡಿ. ಹತ್ತು ಸುತ್ತಿಗೆ ಮೂರು ಕಿಲೋಮೀಟರಿಗೆ ಮೇಲೆ ಮತ್ತೊಂದಿಷ್ಟು. ಸಾಧಾರಣ ಹೆಜ್ಜೆಯಲ್ಲಿ ನಲವತ್ತು ನಿಮಿಷದ ಕೆಲಸ. ವಾರಕ್ಕೆ ಐದು ದಿನ ಹೀಗೆ ಮಾಡಿದರೆ ಆ ಅಮೆರಿಕದ ದಾದಿಯರ ಮೂರು ಗಂಟೆ ದಾಟಿತು. ಪ್ರದಕ್ಷಿಣೆಯ ಪುಣ್ಯದ ಲೆಕ್ಕ ಇದರಲ್ಲಿ ಸೇರಿಲ್ಲ.

ಇನ್ನು ನಾದಿನಿಯ ಕೊಡದ ಮಾತು. ಸ್ತನದ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರೆ ಆ ಕೈ ಬಾತುಕೊಳ್ಳುವ ಭಯವುಂಟು. ಆದುದರಿಂದ ‘ಆ ಕೈಯಲ್ಲಿ ಏನನ್ನೂ ಎತ್ತಬೇಡಿ’ ಎಂಬುದು ಬಹುಕಾಲ ವೈದ್ಯರದೇ ಉಪದೇಶವಾಗಿದ್ದಿತು. ಕೊಡ ಹೊರುವ, ಹಿಟ್ಟು ನಾದುವ, ಬಟ್ಟೆ ಒಗೆದು ಹಿಂಡುವ, ರೇಷ್ಮೆ ನೂಲು ಬಿಚ್ಚುವ ಹೆಂಗಸಿಗೆ ಏನನ್ನೂ ಎತ್ತಬೇಡ ಎಂದರೆ ಬದುಕಬೇಡ ಎಂದಂತೆಯೇ. ಕೈ ಬಾತಿದ್ದ ೧೪೧ ಮಂದಿಯಲ್ಲಿ ಅರ್ಧದಷ್ಟು ಜನರಿಗೆ, ಬಲ್ಲವರ ಕಣ್ಣೆದುರಿನಲ್ಲಿ, ತೂಕವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ವ್ಯಾಯಾಮ ಮಾಡಿಸಿದ ಪ್ರಯೋಗದ ಫಲ ೨೦೦೯ರಲ್ಲಿ ಬಂದಾಗ ಆ ಹಳೆಯ ಉಪದೇಶ ಬದಲಾಯಿತು. ಬಾವು ಹೆಚ್ಚಲಿಲ್ಲ, ಉಲ್ಬಣಿಸುವುದು ಕಡಿಮೆಯಾಯಿತು. ಕೀಮೋ ನಡೆಯುತ್ತಿರುವಾಗಲೇ ಇಂಥ ವ್ಯಾಯಾಮ ಮಾಡಿದವರು ನಿಗದಿಯಾದ ಮದ್ದನ್ನು ಹೆಚ್ಚು ಪೂರ್ಣವಾಗಿ ತಡೆದುಕೊಂಡುದು ೨೦೦೭ರ ಕೆನಡಾದ ಪ್ರಯೋಗವೊಂದರಲ್ಲಿ ಕಂಡಿತು.

ಯಾರು ಯಾವಾಗ ನಡೆಯಬಾರದೆಂಬುದೂ ಉಂಟು. ರೋಗ ಮೂಳೆಗೆ ಇಳಿದಿದ್ದರೆ, ಹೊಸದಾಗಿ ಬೆನ್ನುನೋವು ಕಂಡರೆ, ಕೀಮೋ ದಿನಗಳಲ್ಲಿ ಜ್ವರ ಬಂದರೆ, ನಾಲ್ಕು ಮೆಟ್ಟಿಲಿಗೆ ಏದುಸಿರು ಬಂದರೆ, ವೈದ್ಯರನ್ನು ಕಂಡ ಮೇಲೆಯೇ ಹೆಜ್ಜೆ. ಟ್ರಾಸ್ಟುಜುಮ್ಯಾಬ್ ಮತ್ತು ಕೆಲವು ಕೀಮೋ ಮದ್ದುಗಳು ಹೃದಯವನ್ನು ಬಳಲಿಸುವುದರಿಂದ ಆ ಕಡೆಗೂ ಗಮನ ಬೇಕು. ಸಕ್ಕರೆ ಕಾಯಿಲೆ ಇರುವವರು ಬರಿಹೊಟ್ಟೆಯಲ್ಲಿ ಹೊರಡಬಾರದು.

ನಾವು ಕಲ್ಪಿಸಿಕೊಂಡ ತಾಯಿಯ ಮನೆಯಲ್ಲಿ ಮುಂದಿನ ವಾರದಿಂದ ಕ್ರಮ ಹೀಗಿರಬಹುದು. ರಾತ್ರಿ ಊಟದ ಬಳಿಕ ಮಾತ್ರೆ. ನುಂಗಿದೊಡನೆ ಗೋಡೆಯ ಪಂಚಾಂಗದಲ್ಲಿ ಒಂದು ಗೀಟು. ಬಿಸಿಲೇರುವ ಮುನ್ನ ನಾದಿನಿಯೊಡನೆ ಸಂಗಮದ ದಾರಿಯಲ್ಲಿ ಒಂದು ಸುತ್ತು. ನೀರಿಗೆ ಹೊರಟಾಗ ಕೊಡ ನಾದಿನಿಯ ಸೊಂಟದಲ್ಲಿಯೇ ಇರಲಿ. ಅತ್ತಿಗೆಯ ಕೈಯಲ್ಲಿ ಒಂದು ಚೊಂಬು. ಎರಡು ವಾರ ಕಳೆದು ಕೈ ಬಾಯದಿದ್ದರೆ ಚಿಕ್ಕ ಬಿಂದಿಗೆ, ಅರ್ಧದಷ್ಟು ನೀರು.